ಶರಭಪ್ಪನ ನಾಲಿಗೆ

ಆದೋನಿ ಪೇಟೆಯಲ್ಲಿ ಮೈ ತೊಳೆಯುವ ಬೇವಿನೆಣ್ಣೆಯ ಸಬಕಾರ ಕಾಸಿ, ಬಿಲ್ಲೆಗೆ ಎರಡಾಣೆಯಂತೆ ಮಾರುವ ಶರಭಪ್ಪ ಅದರ ಹದ ನೋಡುವುದು ನಾಲಿಗೆಯಿಂದ. ಹೊಸ ಬಿಲ್ಲೆಯನ್ನು ಮಾವಿನ ಓಟೆಯಂತೆ ನೆಕ್ಕಿ, ಕಣ್ಣು ಮುಚ್ಚಿ, "ನಾಲಿಗಿ ಸುಡಲಿಲ್ಲಂದ್ರ ಮೈ ಸುಡಂಗಿಲ್ಲ, ತಗೊಂಡು ಹೋಗ್ರಿ" ಎನ್ನುತ್ತಾನೆ. ಎನ್ನುವಾಗ ಬಾಯಿಂದ ನೊರೆಗುಳ್ಳೆಗಳು ಹಾರುತ್ತವೆ. ಆಲೂರಿನ ಗಿರಾಕಿಯೊಬ್ಬ ಕೆಂಪಾದ ಬೆನ್ನು ತೋರಿಸಿ "ಉರಿತೈತಪ್ಪಾ" ಎಂದರೆ, ಅದೇ ಬಿಲ್ಲೆಯನ್ನು ಅವನೆದುರೇ ಮತ್ತೆ ನೆಕ್ಕಿ, "ಸಬಕಾರ ಬರೋಬ್ಬರಿ ಐತಿ, ನಿನ್ನ ಬೆನ್ನ ಸರಿ ಇಲ್ಲಣ್ಣ" ಎಂದು ಕಳಿಸುತ್ತಾನೆ. ಊಟಕ್ಕೆ ಕೂತಾಗ ಹೆಂಡತಿ ಕೊಟ್ರಮ್ಮ "ಸಾರು ಹೆಂಗೈತ್ರಿ?" ಎಂದು ಕೇಳದೆ ಬಿಡಳು, ಇವನು "ಅಮೃತ!" ಎನ್ನದೆ ಬಿಡ. ಹದಿನೈದು ವರ್ಷ ಆ ಒಂದು ಮಾತಿನ ಮೇಲೆ ಓಣಿಯೆಲ್ಲ ಬೀಗುತ್ತ ತಿರುಗಿದವಳು ಆಕೆ. ಮೊನ್ನೆ ತಾನು ಉಣ್ಣಲು ಕೂತು ಮೊದಲ ತುತ್ತು ಬಾಯಿಗಿಟ್ಟಾಗ ಗೊತ್ತಾಯಿತು, ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಗಂಡ ಅದನ್ನೂ "ಉಪ್ಪು ಖಾರ ಎಲ್ಲಾ ಹದವಾಗೈತಿ" ಎಂದು ಸುರಿದು ಉಂಡು ಎದ್ದಿದ್ದ. ಮರುದಿನ ಕೊಟ್ರಮ್ಮ ಅವನಿಗಿಂತ ಮೊದಲೇ ಹೊಸ ಬಿಲ್ಲೆ ನೆಕ್ಕಿ, ಚುರ್ರೆಂದ ನಾಲಿಗೆಯನ್ನು ಸೆರಗಿನಿಂದ ಒರೆಸಿಕೊಂಡು, "ಇನ್ನೆಂಟು ದಿನ ಒಣಗಲಿ, ಉರಿ ಇಳೀಲಿ" ಎಂದು ಎತ್ತಿಟ್ಟಳು. ಮಧ್ಯಾಹ್ನ ಬಡಿಸುತ್ತ ಎಂದಿನಂತೆ ಕೇಳಿದಳು: "ಸಾರು ಹೆಂಗೈತ್ರಿ?"