ಮಲ್ಕಾಳ ಶೆಡ್ಡಿಗೆ ಬಂದ ಕೆಂಪು ಕಾರು

ಎಂಜಿನ್ನಿನ ಕಾಯಿಲೆಯನ್ನು ಅಡುಗೆಮನೆಯಲ್ಲಿ ನಿಂತೇ ಹೇಳಬಲ್ಲ ಹೆಂಗಸು ಇಡೀ ಗಂಗಾನಗರಕ್ಕೆ ಒಬ್ಬಳೇ, ಮಲ್ಕಾ. ಒಂದು ಸಲ ಅವಳು ಒಳಗೆ ಈರುಳ್ಳಿ ಹುರಿಯುತ್ತಿದ್ದಾಗ ಹೊರಗೆ ಒಂದು ಆಟೋ ಹೋಯಿತು. "ಅದರ ವಾಲ್ವ್ ಹೋಗ್ತದೆ. ದಿಣ್ಣೂರು ಮುಟ್ಟಲ್ಲ" ಅಂದಳು. ಮುಟ್ಟಲಿಲ್ಲ. ಡ್ರೈವರು ಆಟೋವನ್ನು ಅಲ್ಲಿಂದ ವಾಪಸು ತಳ್ಳಿಕೊಂಡು ಬಂದು, "ಅಕ್ಕ, ನೀವು ಬಾಯ್ ಮುಚ್ಕೊಂಡಿದ್ದಿದ್ರೆ ಇನ್ನೊಂದು ವಾರ ಓಡ್ತಿತ್ತು" ಎಂದು ಜಗಳಕ್ಕೇ ನಿಂತ.

ನನ್ನ ಮಾತಿನಲ್ಲಿ ಅರ್ಧ ಕಳೆದು ಕೇಳಬೇಕು ಎಂದು ನನ್ನ ಹೆಂಡತಿ ಬೀದಿಗೆಲ್ಲ ಹೇಳಿಟ್ಟಿದ್ದಾಳೆ. ಕಳೆಯಿರಿ, ನನ್ನದೇನೂ ಅಡ್ಡಿಯಿಲ್ಲ. ಅರ್ಧ ಕಳೆದರೂ ಮಲ್ಕಾ ಪೂರ್ತಿ ಉಳಿಯುತ್ತಾಳೆ. ನಾನು ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ನನ್ನ ಬಸ್ಸು ಮೇಖ್ರಿ ಸರ್ಕಲ್ಲಿನ ಏರು ಹತ್ತುವಾಗ ಜನ ಇಳಿದು, ಟೀ ಕುಡಿದು, ಲೋಟ ವಾಪಸು ಕೊಟ್ಟು, ಮತ್ತೆ ಅದೇ ಬಸ್ಸು ಹತ್ತುತ್ತಿದ್ದರು. ಅಂಥ ಎಂಜಿನ್ನುಗಳ ಜೊತೆ ಬಾಳಿದವನಿಗೆ ಒಳ್ಳೆಯ ಮೆಕ್ಯಾನಿಕ್ಕಿನ ಬೆಲೆ ಗೊತ್ತಿರುತ್ತದೆ. ಅದಕ್ಕೇ ನಾನು ಬೆಳಿಗ್ಗೆ ಪೇಪರು ಹಿಡಿದುಕೊಂಡು ಅವರ ಶೆಡ್ಡಿನ ಮುಂದೆ ಕೂರುವುದು. ಮನೆಯಲ್ಲಿ ಕೂತರೆ ಹುರುಳಿಕಾಯಿ ನಾರು ತೆಗೆಯಬೇಕಾಗುತ್ತದೆ ಎನ್ನುವುದು ಬೇರೆ ಮಾತು.

ಶೆಡ್ಡು ಮಲ್ಕಾಳ ಗಂಡ ದಸ್ತಗೀರನದು. ಮೊದಲೆಲ್ಲ ಅವಳು ಮಧ್ಯಾಹ್ನದ ಊಟದ ಡಬ್ಬಿ ತರುತ್ತಿದ್ದಳು, ಅಷ್ಟೆ. ಡಬ್ಬಿ ಖಾಲಿಯಾಗುವವರೆಗೆ ಕೂತು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಒಂದೆರಡು ಬೋಲ್ಟು ಬಿಚ್ಚಿಕೊಡತೊಡಗಿದಳು. ಕೊನೆಕೊನೆಗೆ ದಸ್ತಗೀರ್ ನಿಧಾನವಾಗಿ ಉಣ್ಣುತ್ತಿದ್ದ, ಇವಳು ಕಾರ್ಬುರೇಟರ್ ಕಟ್ಟಿ ಮುಗಿಸಿರುತ್ತಿದ್ದಳು. ಆಮೇಲೆ ಒಂದು ಜೀಪಿನ ಗೇರ್‌ಬಾಕ್ಸ್ ಎತ್ತಲು ಹೋಗಿ ದಸ್ತಗೀರನ ಬೆನ್ನು ಹಿಡಿಯಿತು. ಬಗ್ಗಲಾರದ ಮೆಕ್ಯಾನಿಕ್ಕು ಎಷ್ಟು ದಿನ ಮೆಕ್ಯಾನಿಕ್ಕು? ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ. ಮಲ್ಕಾ ಅವನ ಹಳೆಯ ಖಾಕಿ ಶರ್ಟನ್ನು ಸಲ್ವಾರಿನ ಮೇಲೆ ಹಾಕಿಕೊಂಡು, ದುಪಟ್ಟಾ ಸೊಂಟಕ್ಕೆ ಸುತ್ತಿ, ಸ್ಪ್ಯಾನರ್ ಹಿಡಿದಳು. ಆಟೋ, ಟೆಂಪೊ, ಕೆಂಪಾಪುರದ ನೀರಿನ ಟ್ಯಾಂಕರುಗಳು ಎಲ್ಲ ಅವಳ ಕೈಯಲ್ಲೇ ಸರಿಹೋಗುತ್ತಿದ್ದವು.

ಆದರೆ ದಸ್ತಗೀರನ ತಮ್ಮ ಹಬೀಬುಲ್ಲಾ ಬಿಡಬೇಕಲ್ಲ. ಅವನಿಗೆ ಆ ಶೆಡ್ಡಿನಲ್ಲಿ ಸೀಟ್ ಕವರ್ ಅಂಗಡಿ ಹಾಕುವ ಆಸೆ. ದಿನಾ ಬಂದು ಅಣ್ಣನ ಕಿವಿ ಕಚ್ಚುತ್ತಿದ್ದ.

"ಭಾಯ್, ಇದು ಎಷ್ಟು ದಿನ ನಡೀತದೆ? ಭಾಭಿ ಆಟೋ ಟೆಂಪೊ ಮಾಡ್ತಾರೆ, ಸರಿ. ಈಗ ರೋಡ್‌ನಾಗೆ ಬರೋ ಗಾಡಿ ಎಲ್ಲಾ ಕಂಪ್ಯೂಟರ್ರು. ಸೀಟ್ ಕವರ್‌ಗೆ ಕಂಪ್ಯೂಟರ್ ಬೇಡ, ಸೂಜಿ ಸಾಕು."

ದಸ್ತಗೀರ್ ಮೆದು ಮನುಷ್ಯ. ಎರಡು ಕಡೆಗೂ ತಲೆಯಾಡಿಸಿ ಸಾಕಾಗಿ ಒಂದು ದಿನ ನನ್ನ ಎದುರಿಗೇ ಹೇಳಿಬಿಟ್ಟ. "ಮಲ್ಕಾ, ದಸರಾ ಮುಗಿಯೋದ್ರೊಳಗೆ ಒಂದು ದೊಡ್ಡ ಕಂಪ್ಯೂಟರ್ ಗಾಡಿ ಕೆಲಸ ಮಾಡಿ ತೋರ್ಸು. ಮಾಡಿದ್ರೆ ಶೆಡ್ಡು ನಿಂದು, ಬೋರ್ಡೂ ನಿಂದು. ಇಲ್ಲಾಂದ್ರೆ ಹಬೀಬ್‌ಗೆ ಕೊಟ್ಬಿಡೋಣ."

"ಒಂದೇ ಸಾಕಾ? ಎರಡು ಕೇಳ್ರಿ" ಅಂದಳು ಮಲ್ಕಾ. ದೊಡ್ಡ ಗಾಡಿ ಎಲ್ಲಿಂದ ಬರುತ್ತದೆ ಎನ್ನುವುದು ಅವಳಿಗೂ ಗೊತ್ತಿರಲಿಲ್ಲ.

ಎರಡು ಸಾವಿರದ ಹದಿನಾಲ್ಕರ ದಸರಾ ಅದು. ಆಯುಧಪೂಜೆಗೆ ಇನ್ನೂ ಮೂರು ದಿನ ಇರುವಾಗ ರಸ್ತೆಯ ತುದಿಯಲ್ಲಿ ಹುಲಿ ಆಕಳಿಸಿದಂಥ ಸದ್ದು ಕೇಳಿಸಿತು. ಎರಡು ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತಿದ್ದ ಕೆಂಪು ಕಾರು ಬಂದು ನಿಂತಿತು. ಒಳಗಿಂದ ಇಳಿದವನು ಕೆಂಪಾಪುರದ ಮುನೀಂದ್ರ, ಆ ನೀರಿನ ಟ್ಯಾಂಕರುಗಳ ಯಜಮಾನ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದನಂತೆ. ಕೈಯಲ್ಲಿ ಹಡಗಿನಲ್ಲಿ ಬಂದ ಒಂದು ದೊಡ್ಡ ಡಬ್ಬ.

"ಮಲ್ಕಕ್ಕ, ಇದು ಹೊಸ ಏರ್ ಇನ್‌ಟೇಕ್ ಕಣಕ್ಕ. ಕಂಪನಿದು ತೆಗ್ದು ಇದನ್ನ ಹಾಕ್ಬೇಕು. ದೊಡ್ಡ ಗ್ಯಾರೇಜ್‌ನೋರು ನಾವು ಹೊರಗಿನ ಐಟಂ ಮುಟ್ಟಲ್ಲ ಅಂದ್ರು. ನನ್ ಟ್ಯಾಂಕರ್ ನೋಡೋರು ನೀವು, ಇದನ್ನೂ ನೀವೇ ನೋಡಿ."

"ಟ್ಯಾಂಕರ್‌ಗೂ ಇದಕ್ಕೂ ಏನು ವ್ಯತ್ಯಾಸ?" ಅಂದೆ ನಾನು.

"ಟ್ಯಾಂಕರ್ ನೀರು ಕೊಡುತ್ತೆ ತಾತ, ಇದು ಪೆಟ್ರೋಲ್ ಕುಡಿಯುತ್ತೆ" ಅಂದ ಅವನು.

ಮಲ್ಕಾ ಬಾನೆಟ್ ಎತ್ತಿ ತುಂಬ ಹೊತ್ತು ನೋಡಿದಳು. ಆಮೇಲೆ ನನಗೆ ಬೆರಳು ಮಾಡಿ ತೋರಿಸಿದಳು. "ತಾತ, ಇದು ಸೂಪರ್‌ಚಾರ್ಜರ್. ಕಮ್ಮಾರ ತಿದಿ ಒತ್ತಲ್ವಾ, ಹಂಗೆ. ಎಂಜಿನ್ನೇ ಬೆಲ್ಟ್ ಹಾಕ್ಕೊಂಡು ತನಗೆ ತಾನೇ ಗಾಳಿ ಒತ್ಕೊಳ್ತದೆ. ಜಾಸ್ತಿ ಗಾಳಿ, ಜಾಸ್ತಿ ಬೆಂಕಿ. ಮುನೀಂದ್ರ ತಂದಿರೋದು ಇದರ ಮೂಗು. ಮೂಗು ದೊಡ್ಡದಾದ್ರೆ ಉಸಿರು ಸಲೀಸು."

ಮಾರನೆಯ ದಿನ ಕೆಲಸಕ್ಕೆ ಕೂತಳು. ಕಂಪನಿಯ ಹಳೆಯ ಫಿಲ್ಟರಿದ್ದ, ಅಕ್ಕಿ ಡಬ್ಬಿಯಷ್ಟು ದೊಡ್ಡ ಕರೀ ಪ್ಲಾಸ್ಟಿಕ್ ಪೆಟ್ಟಿಗೆ ಹೊರಗೆ ಬಂತು. ಅದರ ಜಾಗಕ್ಕೆ ಕನ್ನಡಿಯಂತೆ ಹೊಳೆಯುವ ಕೊಳವೆ, ಅದರ ತುದಿಗೆ ಕೆಂಪು ಬಟ್ಟೆಯನ್ನು ನೆರಿಗೆ ಹಿಡಿದಂಥ ಫಿಲ್ಟರು. ಬಟ್ಟೆಗೆ ಎಣ್ಣೆ ಸವರಿರುತ್ತದೆ, ಧೂಳು ಅಂಟಿಕೊಂಡು ನಿಲ್ಲಲಿ ಎಂದು. ಗಾಳಿ ಅಳೆಯುವ ಸೆನ್ಸರ್ ಒಂದಿದೆ, ಒಳಗೆ ಕೂದಲಿನಂಥ ತಂತಿ. ಅದನ್ನು ಹಳೆಯ ಪೆಟ್ಟಿಗೆಯಿಂದ ಬಿಚ್ಚಿ ಹೊಸ ಕೊಳವೆಗೆ ಕೂರಿಸುವಾಗ ಮಲ್ಕಾ ಉಸಿರು ಬಿಗಿ ಹಿಡಿದಿದ್ದಳು. ನಾನೂ ಹಿಡಿದಿದ್ದೆ. ಬಿಡುವುದು ಮರೆತು ಕಣ್ಣು ಕತ್ತಲೆ ಬಂತು.

ತೊಂದರೆ ಬಂದದ್ದು ತಗಡಿನ ತಡಿಕೆಯಲ್ಲಿ. ಎಂಜಿನ್ನಿನ ಬಿಸಿ ಫಿಲ್ಟರಿಗೆ ತಾಗದಂತೆ ಮಧ್ಯೆ ಒಂದು ತಡಿಕೆ ಕೊಟ್ಟಿದ್ದರು. ಅದು ಬ್ರೇಕ್ ಎಣ್ಣೆಯ ಡಬ್ಬಿಗೆ ಅಡ್ಡ ಬರುತ್ತಿತ್ತು.

"ಬಿಡಿ ಅಕ್ಕ, ಅದು ಇಲ್ದೇ ಹೋದ್ರೆ ಪೈಪು ಚೆನ್ನಾಗಿ ಕಾಣುತ್ತೆ" ಅಂದ ಮುನೀಂದ್ರ.

"ಕಾಣಕ್ಕೆ ಕಾರು ತಗೊಂಡ್ಯಾ, ಓಡ್ಸಕ್ಕಾ? ಹೆಬ್ಬಾಳ ಫ್ಲೈಓವರ್ ಮೇಲೆ ಒಂದು ಗಂಟೆ ನಿಂತ್ಕೋ. ಒಳಗೆಲ್ಲ ಒಲೆ ಆಗ್ತದೆ. ಬಿಸಿ ಗಾಳಿ ಕುಡ್ಸಿದ್ರೆ ಇದರ ಶಕ್ತಿ ಎಲ್ಲಿ ಉಳೀತದೆ?"

"ಕಟ್ ಮಾತ್ರ ಮಾಡ್ಬೇಡ, ಮಲ್ಕಾ" ಎಂದು ದಸ್ತಗೀರ್ ಕುರ್ಚಿಯಿಂದಲೇ ಕೂಗಿದ. "ಫಾರಿನ್ ಕಂಪನಿ ಐಟಂ ಅದು."

"ಆ ಕಂಪನಿಯೋರ ದೇಶದಾಗೆ ಸ್ಟೀರಿಂಗು ಎಡಕ್ಕೆ ಇರ್ತದೆ ರೀ. ನಮ್ದು ಬಲಕ್ಕೆ. ಬ್ರೇಕ್ ಡಬ್ಬಿನೂ ಈ ಕಡೆ ಬಂದಿದೆ. ಅವರಿಗೆ ಗಂಗಾನಗರ ಗೊತ್ತಿಲ್ಲ, ಅದಕ್ಕೆ ಹಿಂಗೆ ಮಾಡವ್ರೆ."

ಮಿಠಾಯಿ ಡಬ್ಬದ ರಟ್ಟು ಕತ್ತರಿಸಿ ಅಳತೆ ನೋಡಿದಳು. ಆಮೇಲೆ ತಗಡಿನ ಅಂಚು ಕತ್ತರಿಸಿ, ಅರ ಹಾಕಿ, ಸುತ್ತ ರಬ್ಬರ್ ಬೀಡಿಂಗ್ ಕೂರಿಸಿದಳು. ಬಾನೆಟ್ ಮುಚ್ಚಿದರೆ ಇರುವೆಗೂ ಸಂದಿಯಿರಲಿಲ್ಲ. ಕ್ಲಾಂಪುಗಳನ್ನೆಲ್ಲ ಬಿಗಿದು ಗಾಡಿ ಚಾಲೂ ಮಾಡಿದಾಗ ಬಂದ ಶಿಳ್ಳೆ ಇದೆಯಲ್ಲ, ಅದನ್ನು ಕೇಳಿ ನಮ್ಮ ಬೀದಿಯ ಪಾರಿವಾಳಗಳು ಹಾರಿ ಯಲಹಂಕದ ಏರ್‌ಫೋರ್ಸಿನವರ ಹತ್ತಿರ ಕೆಲಸ ಕೇಳಲು ಹೋದವು. ಮುನೀಂದ್ರ ಒಂದು ಸುತ್ತು ಓಡಿಸಿ ಬಂದಾಗ ಮುಖದಲ್ಲಿ ಹಲ್ಲು ಮಾತ್ರ ಕಾಣುತ್ತಿದ್ದವು.

"ಇವತ್ತೇ ಹೇಳಲ್ಲ" ಅಂದ ದಸ್ತಗೀರ್. "ಹಬ್ಬ ಮುಗೀಲಿ. ಗಾಡಿ ನಿಂತ್ಕೊಳ್ತದಾ ನೋಡೋಣ."

ಆಯುಧಪೂಜೆ ಮುನೀಂದ್ರನ ಮನೆಯಲ್ಲಿ ಜೋರಾಗಿಯೇ ನಡೆಯಿತು. ಮಲ್ಕಾ ಕೂಡ ಪ್ರತಿ ವರ್ಷದಂತೆ ಶೆಡ್ಡು ತೊಳೆದು ಸ್ಪ್ಯಾನರುಗಳಿಗೆ ಚೆಂಡುಹೂ ಇಟ್ಟಳು. ಮಾರನೆಯ ಬೆಳಿಗ್ಗೆ ಕೆಂಪು ಕಾರು ಬಂತು. ಬಂತು ಎನ್ನುವುದಕ್ಕಿಂತ ತೆವಳಿತು. ಕೆಮ್ಮಿತು, ಸೀನಿತು, ನಡುಗಿತು, ಶೆಡ್ಡಿನ ಮುಂದೆ ಉಸಿರು ಬಿಟ್ಟು ನಿಂತಿತು. ಮುಂದಿನ ಗಾಜಿನ ಕೆಳಗೆ ಹಳದಿ ದೀಪ ಹತ್ತಿಕೊಂಡಿತ್ತು. ನಾನು ಓಡಿಸುತ್ತಿದ್ದ ಬಸ್ಸು ಅದನ್ನು ಓವರ್‌ಟೇಕ್ ಮಾಡಿ, ಟಾಟಾ ಮಾಡಿ ಹೋಗುತ್ತಿತ್ತು.

ಮುನೀಂದ್ರನ ಮುಖ ಕಾರಿಗಿಂತ ಕೆಂಪಾಗಿತ್ತು. "ಏನಕ್ಕ ಮಾಡ್ಬಿಟ್ರಿ? ಎಕ್ಸಿಲೇಟರ್ ತುಳಿದ್ರೆ ಎತ್ತಿನಗಾಡಿ ಹೋದಂಗೆ ಹೋಗುತ್ತೆ! ಟ್ಯಾಂಕರ್ ಡ್ರೈವರ್‌ಗಳೆಲ್ಲಾ ನಗ್ತವ್ರೆ."

ಹಬೀಬುಲ್ಲಾ ಅಷ್ಟು ಹೊತ್ತಿಗೆ ಅಲ್ಲೇ ಇದ್ದ. ಸೀಟ್ ಕವರ್ ತೂಗುಹಾಕುವ ಹಲಗೆಗಳನ್ನು ಆಟೋದಲ್ಲಿ ತಂದು ಗೋಡೆಗೆ ಒರಗಿಸಿಯೂ ಆಗಿತ್ತು, ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. "ನಾನು ಹೇಳಲಿಲ್ವಾ ಭಾಯ್?" ಅಂದ.

ದಸ್ತಗೀರ್ ಕುರ್ಚಿಯಿಂದ ಎದ್ದ. ಅವನು ಏಳುವುದು ಅಪರೂಪ. "ಕಟ್ ಮಾಡ್ಬೇಡ ಅಂದೆ, ಮಲ್ಕಾ."

"ಕಟ್ ಮಾಡಿದ್ದು ತಗಡು. ತಗಡಿನಿಂದ ಎಂಜಿನ್ನು ಕೆಮ್ಮಲ್ಲ" ಅಂದಳು ಅವಳು. ಒಂದೊಂದೇ ಕ್ಲಾಂಪು ಹಿಡಿದು ಅಲ್ಲಾಡಿಸಿದಳು. ಎಲ್ಲ ಬಿಗಿ. "ನನ್ನ ಕೈ ಕೆಲಸ ಸರಿ ಇದೆ. ಬೇರೆ ಏನೋ ಆಗಿದೆ. ಅದು ಏನು ಅಂತ ಹೇಳಿ ಆಮೇಲೆ ಮಾತಾಡ್ತೀನಿ. ಹಬೀಬ್, ಅಲ್ಲೀತಂಕ ಟೇಪ್ ಮಡಚು."

ಆಗ ಕಾರಿನ ಇನ್ನೊಂದು ಬಾಗಿಲಿನಿಂದ ಮುನೀಂದ್ರನ ತಾಯಿ ಮುನಿಕೆಂಪಮ್ಮ ಏದುಸಿರು ಬಿಡುತ್ತ ಇಳಿದರು, ಕೈಯಲ್ಲಿ ಪೂಜೆಯ ಕಡ್ಲೆಪುರಿಯ ಚೀಲ. "ಏನ್ ಗಾಡಿನಪ್ಪಾ ಇದು, ನೆಲದ ಮ್ಯಾಲೆ ಕುಂತಂಗೈತೆ. ತಗೋ ಮಲ್ಕಾ, ಪುರಿ ತಗೋ. ನಿನ್ ಕೈಯಾಗೆ ಒಳ್ಳೇದಾಯ್ತದೆ. ನೆನ್ನೆ ಎಂಗೆ ಪೂಜೆ ಮಾಡ್ದೆ ಗೊತ್ತಾ? ಅಂಗೆ ಯಾರೂ ಮಾಡಿರಾಕಿಲ್ಲ."

ಮಲ್ಕಾ ಪುರಿ ತೆಗೆದುಕೊಂಡಳು. ಆದರೆ ಬಾಯಿಗೆ ಹಾಕಲಿಲ್ಲ. ಮೂಗು ಅರಳಿಸಿ ಬಾನೆಟ್ಟಿನ ಒಳಗೆ ಬಗ್ಗಿದಳು. ನಾನೂ ಬಗ್ಗಿದೆ. ಪೆಟ್ರೋಲಿನ ವಾಸನೆ ಬರಬೇಕಾದ ಕಡೆ ಗುಡಿಯ ವಾಸನೆ ಬರುತ್ತಿತ್ತು.

"ಅಮ್ಮಾ, ಪೂಜೆ ಮಾಡುವಾಗ ಗಾಡಿ ಚಾಲೂ ಇತ್ತಾ?"

"ಇಲ್ದೇ? ಮುನೀಂದ್ರ ಆಫ್ ಮಾಡಿದ್ದ. ನಾನೇ ಬೈದೆ. ಮನಿಕ್ಕೊಂಡಿರೋದಕ್ಕೆ ಯಾರಾನಾ ಪೂಜೆ ಮಾಡ್ತಾರಾ? ಎಬ್ಬಿಸ್ಲಾ ಅಂದೆ."

"ಸಾಂಬ್ರಾಣಿ ಎಲ್ಲಿ ಹಿಡಿದ್ರಿ?"

ಮುನಿಕೆಂಪಮ್ಮನವರ ಮುಖ ಅರಳಿತು. "ಅದೇ ಕಣವ್ವ ಆಶ್ಚರ್ಯ! ಇವ್ನು ಬಾನೆಟ್ ಎತ್ತಿ ಇದೇ ಗಾಡಿ ಮೂಗು ಅಂತ ತೋರ್ಸಿದ್ದ. ಅದಕ್ಕೇ ಅರಿಶಿನ ಕುಂಕುಮ ಇಟ್ಟು, ಧೂಪ ಇಡಿದೆ. ಒಗೆ ಒಂದು ಚೂರೂ ಆಚೆ ಓಗ್ಲಿಲ್ಲ. ಎಲ್ಲಾ ಒಳಕ್ಕೇ ಎಳ್ಕೊಳ್ತು! ದ್ಯಾವ್ರೇ ಒಪ್ಕೊಂಡ ಅಂತ ಇನ್ನೊಂದು ಮುಷ್ಟಿ ಆಕ್ದೆ. ಅದನ್ನೂ ಎಳ್ಕೊಳ್ತು. ತಂದಿದ್ದ ಪೊಟ್ಟಣ ಪೂರ್ತಿ ಖಾಲಿ!"

ಮುನೀಂದ್ರ ತಲೆಯ ಮೇಲೆ ಕೈ ಇಟ್ಟುಕೊಂಡ. ಮಲ್ಕಾ ಫಿಲ್ಟರ್ ಮೇಲೆ ಬೆರಳು ಎಳೆದಳು. ಬಟ್ಟೆ ಮೊದಲೇ ಕೆಂಪು, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೆರಳಿನ ತುದಿಯಲ್ಲಿ ಕುಂಕುಮ ದಪ್ಪಗೆ ಅಂಟಿ ಬಂತು. ಸೆನ್ಸರ್ ಬಿಚ್ಚಿ ಬೆಳಕಿಗೆ ಹಿಡಿದಳು. ಕೂದಲಿನಂಥ ಆ ತಂತಿಗೆ ಸಾಂಬ್ರಾಣಿಯ ಅಂಟು ಬೆಲ್ಲದ ಪಾಕದಂತೆ ಕೂತಿತ್ತು.

"ಇದು ಗಾಳಿ ಅಳೆಯೋದು, ಮುನೀಂದ್ರ. ಅಂಟು ಬಳ್ಕೊಂಡು ಇದಕ್ಕೆ ಗಾಳಿ ತಾಕ್ತಾ ಇಲ್ಲ. ಗಾಳಿ ಕಮ್ಮಿ ಅಂತ ಸುಳ್ಳು ಹೇಳ್ತದೆ, ಕಂಪ್ಯೂಟರ್ ನಂಬಿ ಪೆಟ್ರೋಲ್ ಕಮ್ಮಿ ಕೊಡ್ತದೆ. ಮೇಲಿಂದ ಫಿಲ್ಟರ್‌ಗೆ ಕುಂಕುಮ ಕಟ್ಕೊಂಡಿದೆ. ಪಾಪ, ಕೆಮ್ಮದೆ ಏನು ಮಾಡ್ತದೆ?"

ಮುನಿಕೆಂಪಮ್ಮನವರು ಪುರಿಯ ಚೀಲ ಕೆಳಗಿಟ್ಟು ಬಾನೆಟ್ಟಿನ ಹತ್ತಿರ ಬಂದರು. "ನನ್ ಕೈಯಾರೆ ಕೆಡಿಸಿಬಿಟ್ನಾ ಮಲ್ಕಾ?"

"ಕೆಟ್ಟಿಲ್ಲಮ್ಮ. ಜಾಸ್ತಿ ಪ್ರಸಾದ ತಿಂದು ಹೊಟ್ಟೆ ಕೆಟ್ಟಿದೆ ಅಷ್ಟೆ. ಕೂತ್ಕೊಳ್ಳಿ, ಟೀ ಕುಡೀರಿ. ಟೀ ಆರೋದ್ರೊಳಗೆ ಆಗಲ್ಲ, ಫಿಲ್ಟರ್ ಆರೋದ್ರೊಳಗೆ ಆಗ್ತದೆ."

ಸೆನ್ಸರಿಗೆಂದೇ ಇರುವ ಸ್ಪ್ರೇ ತರಿಸಿ ತಂತಿಯನ್ನು ಮುಟ್ಟದೆ ತೊಳೆದಳು. ಫಿಲ್ಟರನ್ನು ಸೋಪಿನ ನೀರಿನಲ್ಲಿ ಅದ್ದಿ, ಒಳಗಿನಿಂದ ಹೊರಕ್ಕೆ ನೀರು ಬಿಟ್ಟು, ನೆರಳಿನಲ್ಲಿ ಹಗ್ಗಕ್ಕೆ ತೂಗುಹಾಕಿದಳು. ಅಂಗಳದಲ್ಲಿ ಓಕುಳಿ ಹರಿಯಿತು. ಮಧ್ಯಾಹ್ನದವರೆಗೆ ನಾವೆಲ್ಲ ಅದರ ಕೆಳಗೆ ಕೂತು ಕಾದೆವು. ಚೀಲದ ಕಡ್ಲೆಪುರಿಯಲ್ಲಿ ಮುಕ್ಕಾಲು ಪಾಲು ನಾನೇ ಮುಗಿಸಿದೆ. ಫಿಲ್ಟರ್ ಒಣಗಿದ ಮೇಲೆ ಡಬ್ಬದ ಜೊತೆ ಬಂದಿದ್ದ ಎಣ್ಣೆಯನ್ನು ನೆರಿಗೆ ನೆರಿಗೆಗೆ ತೊಟ್ಟಿಕ್ಕಿದಳು.

"ಇನ್ನೂ ಸ್ವಲ್ಪ ಹಾಕಿ ಭಾಭಿ" ಅಂದ ಹಬೀಬುಲ್ಲಾ. ಸುಮ್ಮನಿದ್ದು ಅವನಿಗೂ ಬೇಜಾರಾಗಿತ್ತು.

"ಇದೇನು ಬೋಂಡಾನಾ? ಜಾಸ್ತಿ ಆದ್ರೆ ಎಣ್ಣೆನೂ ಹೋಗಿ ಅದೇ ತಂತಿಗೆ ಅಂಟ್ಕೊಳ್ತದೆ."

ಎಲ್ಲ ಜೋಡಿಸಿ ಹಳದಿ ದೀಪ ಆರಿಸಿದಳು. ಕಾರು ಚಾಲೂ ಆಯಿತು, ಶಿಳ್ಳೆ ಹೊಡೆಯಿತು. ಮುನೀಂದ್ರ ಕೀ ತೆಗೆದುಕೊಳ್ಳಲು ಕೈ ಚಾಚಿದ. ಮಲ್ಕಾ ಕೊಡಲಿಲ್ಲ.

"ನಾನು ಓಡಿಸ್ತೀನಿ. ಪಕ್ಕದಾಗೆ ಇವರು ಕೂರ್ತಾರೆ" ಎಂದು ಗಂಡನ ಕಡೆ ತಿರುಗಿದಳು. "ಬನ್ನಿ. ನಿಂತ್ಕೊಳ್ತದಾ ನೋಡೋಣ ಅಂದ್ರಲ್ಲ. ನೋಡೋಣ."

ಆ ಬೆನ್ನಿನವನನ್ನು ಆ ತಗ್ಗು ಸೀಟಿಗೆ ಇಳಿಸಲು ನಾನು, ಮುನೀಂದ್ರ, ಹಬೀಬುಲ್ಲಾ ಮೂವರೂ ಬೇಕಾದೆವು. ಕಾರು ಹೆಬ್ಬಾಳದ ಕಡೆ ತಿರುಗಿತು. ನಾವು ಶೆಡ್ಡಿನಲ್ಲಿ ಉಳಿದೆವು. ಮುನಿಕೆಂಪಮ್ಮನವರು ಕಣ್ಣು ಮುಚ್ಚಿಕೊಂಡು ಮನೆದೇವರನ್ನೂ ಪಕ್ಕದ ಮನೆಯವರ ದೇವರನ್ನೂ ಒಟ್ಟಿಗೇ ಕರೆಯುತ್ತಿದ್ದರು. ಹಬೀಬುಲ್ಲಾ ಟೇಪನ್ನು ಎಳೆಯುತ್ತಿದ್ದ, ಬಿಡುತ್ತಿದ್ದ.

ಅವನ ಫೋನು ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿದ. ಮೊದಲು ಬಂದದ್ದು ದಸ್ತಗೀರನ ಧ್ವನಿಯಲ್ಲ, ಆ ಶಿಳ್ಳೆ. ಉದ್ದಕ್ಕೆ, ಏರುತ್ತ, ಒಂದು ಚೂರೂ ತಡವರಿಸದೆ. ಅದರ ಮೇಲೆ ದಸ್ತಗೀರ್ ಕೂಗಿದ.

"ಹಬೀಬ್! ಏರ್‌ಪೋರ್ಟ್ ರೋಡ್‌ನಾಗಿದ್ದೀವಿ! ನನ್ನ ಬೆನ್ನು ಸೀಟಿಗೆ ಅಂಟ್ಕೊಂಡು ನೆಟ್ಟಗಾಗೋಯ್ತು! ಕೇಳ್ತದಾ?"

"ಕೇಳ್ತದೆ ಭಾಯ್. ಹಲಗೆ ಏನು ಮಾಡ್ಲಿ?"

"ಯಶವಂತಪುರದಾಗೆ ಜಾಗ ನೋಡ್ಕೋ ತಮ್ಮಾ, ಅಲ್ಲಿ ಲಾರಿ ಜಾಸ್ತಿ, ಸೀಟೂ ಜಾಸ್ತಿ. ಶೆಡ್ಡು ಮಲ್ಕಾದು. ಪೇಂಟರ್‌ನ ಕರ್ಸು, ಬೋರ್ಡ್ ಬರೀಬೇಕು... ಏ ಮಲ್ಕಾ, ನಿಧಾನ! ಲಾರಿ, ಲಾರಿ!"

"ನೋಡಿದ್ದೀನಿ ಸುಮ್ನಿರ್ರೀ" ಎಂದು ಮಲ್ಕಾಳ ಧ್ವನಿ ಹಿಂದಿನಿಂದ ಬಂತು. "ಹಬೀಬ್, ಬೋರ್ಡ್‌ನಾಗೆ ನನ್ನ ಹೆಸರು ದೊಡ್ಡದಾಗಿ. ಅದರ ಕೆಳಗೆ ಇನ್ನೊಂದು ಸಾಲು ಬರ್ಸು: ಪೂಜೆ ಮಾಡುವಾಗ ಎಂಜಿನ್ ಆಫ್ ಮಾಡಿ."