ಟಿವಿಗೆ ಎದುರಾಗಿದ್ದ ಕುರ್ಚಿ

ಮ್ಯಾಚು ತೋರಿಸುವ ಹಕ್ಕನ್ನು ದೊಡ್ಡ ಚಾನೆಲ್‌ನವರು ಕೊಂಡುಕೊಂಡ ವರ್ಷದಿಂದ ನಮ್ಮ ಚಾನೆಲ್‌ಗೆ ಗ್ರಹಚಾರ ಹಿಡಿಯಿತು. ನಮ್ಮ ಅಂದರೆ ನನ್ನದೇನಲ್ಲ, ನಾನು ಅಲ್ಲಿ ಬಟ್ಟೆ ನೋಡಿಕೊಳ್ಳುತ್ತಿದ್ದವಳು. ಸುದ್ದಗುಂಟೆಪಾಳ್ಯದಲ್ಲಿ ನಮ್ಮ ಮನೆಗೆ ಹತ್ತಿರ, ಮೊದಲು ಮದುವೆ ಛತ್ರವಾಗಿದ್ದ ಕಟ್ಟಡದಲ್ಲಿ ಅವರ ಸ್ಟುಡಿಯೋ. ಊಟದ ಹಾಲಿನಲ್ಲಿ ಕ್ಯಾಮೆರಾ, ಹೆಣ್ಣಿನ ಕಡೆಯವರ ಕೋಣೆಯಲ್ಲಿ ನನ್ನ ಇಸ್ತ್ರಿ ಮೇಜು. ಟಿವಿಯಲ್ಲಿ ಕೂರುವವರ ಮೈಮೇಲಿನ ಕೋಟು ಅವರದಲ್ಲ. ಜಯನಗರದ ಒಂದು ಅಂಗಡಿಯಿಂದ ಬರುತ್ತಿತ್ತು, ಸೀಸನ್ನು ಮುಗಿದ ಮೇಲೆ ವಾಪಸ್ಸು ಹೋಗುತ್ತಿತ್ತು. ಕಾಲರಿನ ಹಿಂದಿನ ಅಂಗಡಿ ಚೀಟಿ ಕೀಳುವಂತಿಲ್ಲ. ಅದನ್ನು ಒಳಗೆ ಮಡಿಸಿ, ಕಾಣದಂತೆ ಹೊಲಿಗೆ ಹಾಕಿ ಕೊಡುತ್ತಿದ್ದೆ.

ಹಕ್ಕು ಇಲ್ಲ ಅಂದರೆ ಒಂದು ಚೆಂಡನ್ನೂ ತೋರಿಸುವಂತಿಲ್ಲ. ತೋರಿಸಿದರೆ ಕೋರ್ಟು. ಆದರೂ ಮ್ಯಾಚಿನ ಹೊತ್ತಿಗೆ ಜಾಹೀರಾತು ಬೇಕಲ್ಲ, ಅದಕ್ಕೆ ಒಂದು ಉಪಾಯ ಮಾಡಿದರು. ಮೇಜಿನ ಹಿಂದೆ ಇಬ್ಬರನ್ನು ಕೂರಿಸುವುದು, ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಒಂದು ಟಿವಿ ಇಡುವುದು, ಅದರಲ್ಲಿ ಆ ದೊಡ್ಡ ಚಾನೆಲ್ ನೋಡುತ್ತಾ ಆಗಿದ್ದನ್ನು ಬಾಯಲ್ಲಿ ಹೇಳುವುದು. ನೋಡುವವರಿಗೆ ಇಬ್ಬರ ಮುಖ ಕಾಣುತ್ತದೆ, ಕೆಳಗೆ ಸ್ಕೋರು ಓಡುತ್ತದೆ. ಅಷ್ಟೇ. ಯಾವ ಪುಣ್ಯಾತ್ಮ ಇದನ್ನು ನೋಡುತ್ತಾನೆ ಅಂದುಕೊಂಡಿದ್ದೆ. ನೋಡುತ್ತಿದ್ದರು.

ಅದು ಮೇಜಿನ ಹಿಂದೆ ಕೂತ ಇಬ್ಬರಲ್ಲಿ ಹಿರಿಯರಿಂದ. ಜಯನಗರದವರು, ಐವತ್ತೈದು ದಾಟಿತ್ತು, ವಯಸ್ಸೆಲ್ಲ ನಮ್ಮ ಚಾನೆಲ್‌ನಲ್ಲೇ ಮ್ಯಾಚಿನ ಮಾತಾಡಿ ಕಳೆದವರು. ಬೌಲರು ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡದ್ದು, ಬ್ಯಾಟ್ಸ್‌ಮನ್ನು ಒಂದು ಸಲ ಆಕಾಶ ನೋಡಿದ್ದು, ಎಲ್ಲ ಹೇಳುತ್ತಿದ್ದರು. ಟೀ ಕೊಡುವವನು ಲೋಟ ಹಿಡಿದು ನಿಂತುಬಿಡುತ್ತಿದ್ದ. ಪಕ್ಕದಲ್ಲಿ ಕೂರುತ್ತಿದ್ದವಳು ಬಿಳೇಕಹಳ್ಳಿಯ ಹುಡುಗಿ. ಕಾಲೇಜಿನಲ್ಲಿ ಆಡಿದವಳು, ಆಟ ಬಲ್ಲವಳು, ಮೂಗಿನ ತುದಿಯಲ್ಲಿ ಕೋಪ.

ಸೀಸನ್ನು ಶುರುವಾಗುವ ಮುಂಚೆ ಮ್ಯಾನೇಜರು ನನ್ನ ಕೋಣೆಗೇ ಬಂದು ಇಬ್ಬರಿಗೂ ಹೇಳಿದ.

"ಫೈನಲ್ ತನಕ ಇಬ್ರೂ ಇರಿ. ಆಮೇಲೆ ಒಂದೇ ಕುರ್ಚಿ. ಯಾರ್ದು ಅಂತ ನೀವೇ ತೋರಿಸ್ಕೊಡಿ."

ಆ ಹಿರಿಯರು ಕೋಟಿನ ತೋಳಿಗೆ ಕೈ ತೂರಿಸುತ್ತಾ ಇದ್ದವರು ಹಾಗೇ ನಿಂತರು. ಆ ವಯಸ್ಸಿನಲ್ಲಿ ಬೇರೆ ಯಾರು ಕರೆಯುತ್ತಾರೆ? ಮಾತು ಬಿಟ್ಟು ಬೇರೆ ಕೆಲಸವೂ ಬರದು.

ಅಲ್ಲಿಂದ ಜಗಳ ಶುರು. ಟಿವಿ ಇದ್ದದ್ದು ಒಂದು ಪಕ್ಕಕ್ಕೆ. ಅದಕ್ಕೆ ಎದುರಾಗಿದ್ದ ಕುರ್ಚಿ ಮೊದಲಿಂದ ಅವರದು. ಇನ್ನೊಂದರಲ್ಲಿ ಕೂತವರು ಕತ್ತು ತಿರುಗಿಸಬೇಕು, ತಿರುಗಿಸಿದರೆ ಕ್ಯಾಮೆರಾದಲ್ಲಿ ಕೆನ್ನೆ ಮಾತ್ರ ಕಾಣುತ್ತದೆ. ನನ್ನ ಕೋಣೆಯಲ್ಲಿ ಮಧ್ಯಕ್ಕೊಂದು ಪರದೆ ಕಟ್ಟಿದ್ದೆ. ಆಚೆ ಅವರು, ಈಚೆ ಅವಳು. ನೇರವಾಗಿ ಮಾತಾಡುತ್ತಿರಲಿಲ್ಲ.

"ಅಜ್ಜಿ, ಸಾರ್‌ಗೆ ಹೇಳಿ, ಇವತ್ತು ಆ ಕುರ್ಚಿ ನಂಗೆ ಬೇಕು. ಕತ್ತು ನೋಯ್ತಿದೆ."

"ಅಮ್ಮಾ, ಆ ಮಗುಗೆ ಹೇಳಿ, ಎಣ್ಣೆ ಹಚ್ಕೊಳ್ಳಕ್ಕೆ."

"ಮಗು ಅನ್ಬೇಡಿ ಅಂತ ಹೇಳಿ ಅಜ್ಜಿ. ನೆನ್ನೆ ಲೈವಲ್ಲೂ ಮಗು ಮಗು ಅಂದ್ರು. ನಾನೇನು ತೊಟ್ಟಿಲಲ್ಲಿ ಕೂತಿದ್ದೀನಾ?"

"ತೊಟ್ಟಿಲಲ್ಲಿ ಕೂರೋದಲ್ಲ, ಮಲಗೋದು ಅಂತ ಹೇಳಿ."

"ನನ್ನನ್ಯಾಕೆ ಮಧ್ಯ ಎಳೀತೀರ? ಬಾಯಲ್ಲಿ ಪಿನ್ನಿದೆ, ನುಂಗಿಬಿಟ್ಟೇನು," ಅಂದೆ.

ಕುರ್ಚಿ ಅವರು ಬಿಡಲಿಲ್ಲ. ಅವಳು ಫೋನು ತಂದು ಮೇಜಿನ ಕೆಳಗೆ ಇಟ್ಟುಕೊಂಡಳು. ಅದರಲ್ಲಿ ಚಿತ್ರವಿಲ್ಲ, ಬರಿ ಸ್ಕೋರು. ಆದರೆ ಟಿವಿಯಲ್ಲಿ ಬೌಲರು ಇನ್ನೂ ಓಡಿ ಬರುತ್ತಿರುವಾಗಲೇ ಆ ಚೆಂಡಿಗೆ ಏನಾಯಿತು ಅಂತ ಫೋನಿನಲ್ಲಿ ಬಂದುಬಿಡುತ್ತಿತ್ತು. ಚಿತ್ರ ಆಕಾಶಕ್ಕೆ ಹೋಗಿ ಬರಬೇಕಂತೆ, ಅಂಕಿಗೆ ಆ ಸುತ್ತಿಲ್ಲವಂತೆ. ಕ್ಯಾಮೆರಾದವರು ಹೇಳಿದ್ದು. ಅವಳು ಫೋರು ಅಂದ ಮೇಲೆ ಇವರು ಚೆಂಡು ಬಂತು ಅನ್ನಬೇಕು. ಇವರ ಮಾತು ಹಳಸಿದ ಅನ್ನವಾಯಿತು. ಮ್ಯಾನೇಜರಿಗೆ ಖುಷಿಯೋ ಖುಷಿ. "ಸಖತ್ ಫಾಸ್ಟ್ ಇದಾಳೆ ಗುರು," ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ.

ಫೈನಲ್ ದಿನ ನಮ್ಮೂರ ಟೀಮು ಆಡುತ್ತಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಕೊನೆಯ ಚೆಂಡು. ಅವರು ಮೇಜಿನ ಮೇಲೆ ಎರಡೂ ಕೈ ಊರಿ ಶುರು ಮಾಡಿದರು. ಬೌಲರು ಹಿಂದಕ್ಕೆ ನಡೆದ, ಚೆಂಡನ್ನು ಉಜ್ಜಿದ, ತಿರುಗಿದ.

"ಔಟ್! ಸೋತ್ವಿ, ಮುಗೀತು!" ಅಂದಳು ಅವಳು.

ಅವರ ಬಾಯಿ ತೆರೆದದ್ದು ಹಾಗೇ ಇತ್ತು. ಟಿವಿಯಲ್ಲಿ ಬೌಲರು ಇನ್ನೂ ಓಡಲು ಹೊರಟಿರಲಿಲ್ಲ. ಆಮೇಲೆ ಓಡಿದ, ಎಸೆದ, ವಿಕೆಟ್ಟು ಬಿತ್ತು. ಅವರು ಅದನ್ನೆಲ್ಲ ನೋಡಿದರು. ಅವಳು ಮೊದಲು ನಕ್ಕಳು, ಆಮೇಲೆ ಪಕ್ಕಕ್ಕೆ ನೋಡಿದಳು, ಆಮೇಲೆ ಏನೇನೋ ಮಾತಾಡಿ ಹೊತ್ತು ತುಂಬಿಸಿದಳು. ಲೈವು ಮುಗಿಯುವವರೆಗೂ ಅವರು ಗೊಂಬೆ ಹಾಗೆ ಕೂತಿದ್ದರು.

ಕೋಣೆಯಲ್ಲಿ ಪರದೆ ಸರಿಸಿ ಅವಳೇ ಬಂದಳು.

"ಸಾರ್, ತಪ್ಪು ತಿಳ್ಕೋಬೇಡಿ. ನಾನು ಹೇಳಿದ್ದು ಸರೀನೇ ಇತ್ತಲ್ವಾ?"

"ಸರಿ ಇತ್ತು."

"ಜನ ಎಲ್ಲ ಫೋನಲ್ಲಿ ನೋಡ್ಕೊಂಡುಬಿಟ್ಟಿರ್ತಾರೆ ಸಾರ್. ಲೇಟಾಗಿ ಹೇಳೋಕೆ ನಾವ್ಯಾಕೆ ಬೇಕು?"

ಅವರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. "ಮುಂಚೆ ಹೇಳೋಕಾದ್ರೂ ಯಾಕಮ್ಮ ಬೇಕು? ಫೋನಿದೆಯಲ್ಲ," ಅಂದರು. ಅವಳನ್ನು ಮಗು ಅನ್ನಲಿಲ್ಲ. ಅವರು ಚಪ್ಪಲಿ ಹಾಕಿಕೊಂಡು ಹೋದರು, ಮತ್ತೆ ಬರಲಿಲ್ಲ.

ಕುರ್ಚಿ ಅವಳದಾಯಿತು. ಕೂರುವ ಭಾಗ್ಯ ಬರಲಿಲ್ಲ. ಮುಂದಿನ ಸರಣಿಗೆ ಮೊದಲೇ ಮೇಲಿನವರು ಲೆಕ್ಕ ಹಾಕಿ, ಬರಿ ಸ್ಕೋರು ಓಡಿಸಿ ಹಿಂದೆ ಮ್ಯೂಸಿಕ್ಕು ಹಾಕಿದರೆ ಸಾಕು ಅಂದರು. ಮ್ಯಾನೇಜರು ಅವಳಿಗೆ ಫೋನಿನಲ್ಲೇ ಬರಬೇಡ ಅಂದ. ಅವಳು ನನ್ನ ಕೋಣೆಗೆ ಬಂದು, ಗೋಡೆಗೆ ಒರಗಿ, ಮುಖದ ಪೌಡರು ಕದಡುವ ಹಾಗೆ ಅತ್ತಳು. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ನೀರು ಕೊಟ್ಟೆ. ಬಟ್ಟೆ ಹಾಕುವವರೇ ಇಲ್ಲದ ಮೇಲೆ ನನ್ನನ್ನೂ ಬೇಡ ಅಂದರು.

ಕೊನೆಯ ಕೆಲಸ ಅಂತ ಕೋಟುಗಳನ್ನು ಚೀಲಕ್ಕೆ ತುಂಬಿ ಜಯನಗರದ ಅಂಗಡಿಗೆ ಹೊರಟೆ. ಅದರ ಪಕ್ಕದ್ದು ಟಿವಿ ಅಂಗಡಿ. ಗಾಜಿನ ಹಿಂದೆ ಸಾಲಾಗಿ ಟಿವಿ, ಎಲ್ಲದರಲ್ಲೂ ಯಾವುದೋ ಬೇರೆ ದೇಶದ ಮ್ಯಾಚು. ಗಾಜಿನ ಮುಂದೆ ಫುಟ್‌ಪಾತಿನಲ್ಲಿ ಆ ಹಿರಿಯರು ನಿಂತಿದ್ದರು, ಕೈಯಲ್ಲಿ ತರಕಾರಿ ಚೀಲ. ಶಬ್ದ ಆಚೆಗೆ ಕೇಳುತ್ತಿರಲಿಲ್ಲ.

"ಏನಮ್ಮ, ಇಲ್ಲಿ?"

"ಕೋಟು ವಾಪಸ್ಸು ಕೊಡಕ್ಕೆ."

"ನನ್ನ ಮೆರೂನ್ ಕೋಟೂ ಇದೆಯಾ?"

"ಇದೆ."

"ಚೀಟಿ ಗಲೀಜಾಗಿಲ್ಲ ತಾನೆ?"

"ಹಾಗೇ ಇದೆ."

ತಲೆ ಆಡಿಸಿ ಟಿವಿ ಕಡೆ ತಿರುಗಿದರು. ನಾನು ಹೋಗಿ ಎಲ್ಲ ಕೊಟ್ಟು ಬಂದೆ. ಬರುವಾಗಲೂ ಅಲ್ಲೇ ಇದ್ದರು. ಗಾಜಿನ ಆಚೆ ಬೌಲರು ಹಿಂದಕ್ಕೆ ನಡೆದು ತಿರುಗಿದ. ಅವರು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು.