ಖಾಲಿ ತೊಟ್ಟಿಲಿನ ಅಳು

ಗಿರಿಜಾ, ಆ ಅಳು ನನಗೂ ಕೇಳಿಸಿತ್ತು. ಕೇಳಿಸಲಿಲ್ಲ ಅಂತ ನಾನು ಹೇಳಿದ್ದು ಸುಳ್ಳು.

ಅಮ್ಮ ತೀರಿಹೋಗಿದ್ದಳು, ಹಾಗಾಗಿ ನಿನ್ನ ಬಾಣಂತನ ಭದ್ರಾವತಿಯ ನಮ್ಮ ಕ್ವಾರ್ಟರ್ಸಿನಲ್ಲೇ ಆಯಿತು. ಅವತ್ತು ಮಧ್ಯಾಹ್ನ ನಿನ್ನ ಕೂಸು ಮೇಘನಾಳಿಗೆ ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಮಡಿಲಲ್ಲಿ ಮಲಗಿಸಿಕೊಂಡಿದ್ದೆ. ಮಗುವಿಗೆ ಗಾಢ ನಿದ್ದೆ. ನೀನು ಮಂಚದ ಮೇಲೆ ಎದ್ದು ಕೂತೆ. ನಡುಮನೆಯ ತೊಟ್ಟಿಲ ಕಡೆ ನೋಡಿದೆ.

"ಅಕ್ಕಾ, ಅಲ್ಲಿ ಅಳ್ತಿದೆ. ನಿಂಗೆ ಕೇಳ್ತಿಲ್ವಾ?"

ತೊಟ್ಟಿಲಲ್ಲಿ ಮಡಿಸಿಟ್ಟ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಅಲ್ಲಿಂದ ಅಳು ಬರುತ್ತಿತ್ತು — ಜೋರಾಗಿ ಅಲ್ಲ, ಅತ್ತು ಅತ್ತು ಗಂಟಲು ಕಟ್ಟಿದ ಮಗುವಿನ ಹಾಗೆ.

"ಎಲ್ಲಿ ಮಾರಾಯ್ತಿ? ಮಗು ನನ್ನ ಮಡಿಲಲ್ಲೇ ಇದೆಯಲ್ಲ," ಅಂದೆ.

ಆ ಅಳು ನನಗೆ ಹೊಸದಲ್ಲ ಗಿರಿಜಾ. ನನ್ನ ಮಗ ಕಿರಣ ಹುಟ್ಟಿದಾಗ ನನಗೆ ಅದೇ ಅಳು ಬಚ್ಚಲಿನ ನೀರಿನ ಡ್ರಮ್ಮಿನಿಂದ ಕೇಳುತ್ತಿತ್ತು. ಕಂಕುಳಲ್ಲಿರುವುದು ಯಾರದೋ ಮಗು, ನನ್ನದು ಆ ನೀರಿನಲ್ಲಿದೆ ಅನ್ನಿಸುತ್ತಿತ್ತು. ಒಂದು ದಿನ ಮುಚ್ಚಳ ತೆಗೆದು ಬಗ್ಗಿ ನೋಡಿದೆ — ತೋಳಲ್ಲಿ ಕಿರಣ ಇದ್ದ — ಎಷ್ಟು ಹೊತ್ತು ಹಾಗೇ ಬಗ್ಗಿ ನಿಂತಿದ್ದೆನೋ. ಪಕ್ಕದ ಮನೆಯವರು ಬಾಗಿಲು ತಟ್ಟಿದ್ದಕ್ಕೆ ಎಚ್ಚರವಾಯಿತು. ಯಾರಿಗೂ ಹೇಳಲಿಲ್ಲ. ಗಂಡನಿಗೂ.

ನೀನು ನನ್ನಂತಲ್ಲ. ಹೆರಿಗೆ ಮಾಡಿಸಿದ ಡಾಕ್ಟರಮ್ಮನ ಹತ್ತಿರ ಬಾಯಿ ಬಿಟ್ಟು ಹೇಳಿದೆ. ಅವರು ಶಿವಮೊಗ್ಗದಲ್ಲಿ ಬಸುರಿ ಬಾಣಂತಿಯರನ್ನು ಕೂರಿಸಿಕೊಂಡು ಒಂದು ತರಗತಿ ನಡೆಸುತ್ತಿದ್ದರು. ಬಸ್ಸಿನಲ್ಲಿ ನಾನೇ ನಿನ್ನನ್ನು ಕರೆದುಕೊಂಡು ಹೋಗುತ್ತಿದ್ದೆ. ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂರಬೇಕು, ಎದೆಯ ಮೇಲೆ ಕೈ ಇಟ್ಟುಕೊಳ್ಳಬೇಕು. "ಕೆಟ್ಟ ಯೋಚನೆ ಬಂದ್ರೆ ಓಡಿಸ್ಬೇಡಿ, ಅದರ ಹಿಂದೆಯೂ ಹೋಗ್ಬೇಡಿ. ಉಸಿರು ಹೇಗೆ ಓಡಾಡ್ತಿದೆ ನೋಡಿ. ಹೆದರಿದ ತಂಗಿಗೆ ಏನು ಹೇಳ್ತೀರೋ ಅದನ್ನೇ ನಿಮಗೆ ನೀವು ಹೇಳಿಕೊಳ್ಳಿ," ಅನ್ನುತ್ತಿದ್ದರು.

ಹೆದರಿದ ತಂಗಿಗೆ ನಾನು ಏನು ಹೇಳಿದ್ದೆ —

ಜೊತೆಗೆ ಬಂದವರಲ್ಲಿ ಯಾರಿಗಾದರೂ ಹೀಗಾಗಿತ್ತಾ ಎಂದು ಅವರು ಒಮ್ಮೆ ಕೇಳಿದರು. ಮೂಲೆಯಲ್ಲಿದ್ದ ಒಬ್ಬ ಮುದುಕಿ ಕೈ ಎತ್ತಿದಳು. ನೀನು ಕಣ್ಣು ತೆರೆದು ನನ್ನನ್ನೇ ನೋಡಿದೆ. ನಾನು ಸೆರಗು ಸರಿಮಾಡಿಕೊಂಡೆ.

ಮಗು ನೋಡಲು ನಿನ್ನ ಅತ್ತೆ ಬಂದ ದಿನ ನೀನು ಅವರಿಗೂ ಹೇಳಿಬಿಟ್ಟೆ. ಮುಚ್ಚಿಡದೆ ಹೇಳಿದರೆ ಹಗುರವಾಗುತ್ತದೆ ಎಂದು ನೀನು ನಂಬಿದ್ದೆ. ಅವರು ನಿನ್ನ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದರು.

"ನೀನೂ ಹೆತ್ತವಳು. ಇಂಥದ್ದು ಎಲ್ಲಾದ್ರೂ ಇರುತ್ತೇನಮ್ಮಾ?"

ಒಂದೇ ಒಂದು ಮಾತು ಸಾಕಿತ್ತು — ನನಗೂ ಆಗಿತ್ತು, ನನ್ನ ಮಗ ಅಲ್ಲಿ ಆಡ್ತಾ ಇದ್ದಾನೆ ನೋಡಿ — ಅಷ್ಟು.

"ಇಲ್ಲ. ನಮ್ಮಲ್ಲಿ ಯಾರಿಗೂ ಇಲ್ಲ," ಅಂದೆ.

ಅವತ್ತೇ ಮೇಘನಾಳನ್ನು ಶಿವಮೊಗ್ಗದ ಆಲ್ಕೊಳದ ತಮ್ಮ ಮನೆಗೆ ಎತ್ತಿಕೊಂಡು ಹೋದರು. ನಿನ್ನನ್ನು ಬಿಟ್ಟು ಹೋದರು.

ಮಗು ಹೋಯಿತು, ಅಳು ಹೋಗಲಿಲ್ಲ. ಫ್ಯಾಕ್ಟರಿ ಸೈರನ್ ಆಗಿ ಮನೆಯೆಲ್ಲ ನಿಶ್ಶಬ್ದವಾದ ಮೇಲೆ ಅದು ಶುರುವಾಗುತ್ತಿತ್ತು. ನಾನು ಒಲೆಯ ಮುಂದೆ ಕಲ್ಲಿನಂತೆ ನಿಲ್ಲುತ್ತಿದ್ದೆ. ನೀನು ಎದ್ದು ಬಂದು ತೊಟ್ಟಿಲ ಮುಂದೆ ಕೂರುತ್ತಿದ್ದೆ — ರವಿಕೆ ಹಾಲಿನಿಂದ ಒದ್ದೆ, ಕೈ ಎದೆಯ ಮೇಲೆ, ತುಟಿ ಮಾತ್ರ ಅಲ್ಲಾಡುತ್ತಿತ್ತು. ಕೇಳಿಸುತ್ತಾ ಅಂತ ನನ್ನನ್ನು ಮತ್ತೆ ಕೇಳಲಿಲ್ಲ. ಗಾಳಿಯಿಲ್ಲದ ಮನೆಯಲ್ಲಿ ಆ ತೊಟ್ಟಿಲು ಸಣ್ಣಗೆ ತೂಗಿದ್ದನ್ನು ನಾನು ಕಂಡಿದ್ದೇನೆ. ನೀನೇ ತೂಗಿದೆಯೋ ಏನೋ — ಕೇಳುವ ಧೈರ್ಯವಾಗಲಿಲ್ಲ.

ಒಂದು ಸಂಜೆ ನೀನೇ ಹೇಳಿದೆ. "ಈಗ ಅಳು ಬಂದ್ರೆ ಬರ್ಲಿ ಅನ್ಸುತ್ತೆ ಅಕ್ಕ. ಪಾಪ, ಅದೂ ಹೆದರಿದೆ." ಎಷ್ಟೋ ದಿನಗಳ ಮೇಲೆ ಅವತ್ತು ತಟ್ಟೆ ತುಂಬ ಊಟ ಮಾಡಿದೆ. ಆಮೇಲೆ ನಿನಗೆ ಆ ಅಳು ನಿಂತಿತು. ನನಗೆ ನಿಲ್ಲಲಿಲ್ಲ.

ನೀನು ಗುಣವಾಗಿ ಆಲ್ಕೊಳಕ್ಕೆ ಹೋಗುವ ಹೊತ್ತಿಗೆ ಮೇಘನಾ ನಿನ್ನ ತೋಳಿಗೆ ಬಾರದೆ ಅಜ್ಜಿಯ ಸೆರಗು ಹಿಡಿದಳು. ಈಗಲೂ ಅಮ್ಮಾ ಅಂತ ಕರೆಯುವುದು ಅಜ್ಜಿಯನ್ನೇ. ಅವಳನ್ನು ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಲು ಇಂದಿಗೂ ನಿನ್ನೊಬ್ಬಳನ್ನೇ ಬಿಡುವುದಿಲ್ಲ. ನೀನು ತಲೆ ಕೆಟ್ಟಿದ್ದವಳು, ನಾನು ಗಟ್ಟಿ ಹೆಂಗಸು — ಮನೆಯವರಿಗೆಲ್ಲ ಗೊತ್ತಿರುವುದು ಇಷ್ಟೇ.

ನಿನ್ನೆ ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು, "ಕಿರಣನ್ನ ಏನಾದ್ರೂ…" ಅಂದರು. "ಮಾಡಲಿಲ್ಲ. ಮಾಡಿಬಿಡಬಹುದಿತ್ತು," ಅಂದೆ.

ಕ್ಷಮಿಸು ಅಂತ ಕೇಳುವುದಿಲ್ಲ. ಭಾನುವಾರ ಬರ್ತೀನಿ. ನಿನ್ನ ಅತ್ತೆಯ ಎದುರು, ಮೇಘನಾಳಿಗೆ ಕೇಳುವ ಹಾಗೆ ಹೇಳ್ತೀನಿ. ಒಳಗೆ ಕರೆಯದಿದ್ದರೆ ಮೆಟ್ಟಿಲ ಮೇಲೆ ನಿಂತೇ ಹೇಳ್ತೀನಿ.